ಮೈನ್ ಬಾಕ್ಸಿನಲ್ಲಿ ನಸರಿ ಜೇನು

ಕೆಟ್ಟಿರುವುದು ಎಲ್ಲಿ ಎಂದು ಪತ್ತೆ ಮಾಡದೆ ನಾನು ಏಣಿ ಇಳಿಯುವವನಲ್ಲ. ತಮಿಳುನಾಡು ಗಡಿಯ ಹೊಸೂರಿನ ವೈರಿಂಗ್ ಕೆಲಸದವರ ನಡುವೆ ಈ ಮಾತು ಓಡಾಡುತ್ತಿದೆ; ಓಡಾಡಲಿ ಎಂದು ಹಬ್ಬಿಸಿದವನೂ ನಾನೇ. ಆದರೆ ತಳಿ ಊರಿನ ಕಡೆಯ ಆ ಹಳ್ಳಿಮನೆಯಲ್ಲಿ ಇಳಿಯುವ ಮಾತು ಹಾಗಿರಲಿ, ಮೊದಲಿಗೆ ಏಣಿ ಹತ್ತುವುದಕ್ಕೇ ಬಿಡಲಿಲ್ಲ.

ಫೋನ್ ಮಾಡಿದವನು ಆ ಮನೆಯ ಯಜಮಾನ. ರಾಗಿ, ಎಲೆಕೋಸು, ಒಂದಷ್ಟು ಗುಲಾಬಿ ಬೆಳೆಯುವ ರೈತ.

"ಅಣ್ಣಾ, ನಮ್ಮನೇಲಿ ಶುಕ್ರವಾರ ಬಂತೂಂದ್ರೆ ಫ್ಯೂಸ್ ಹೋಗ್ತದೆ."

"ಉಳಿದ ದಿನ?"

"ಉಳಿದ ದಿನ ಏನೂ ಇಲ್ಲ. ಶುಕ್ರವಾರ ಮಾತ್ರ. ಮೀಟ್ರು ಪಕ್ಕದ ಫ್ಯೂಸಿಗೆ ತಂತಿ ಕಟ್ಟಿದ್ರೆ ಬರ್ತಿತ್ತು. ಹೋದ ಶುಕ್ರವಾರ ಟಪ್ ಅಂತು, ಪೂರ್ತಿ ಹೋಗ್ಬುಡ್ತು. ಆವತ್ತಿಂದ ಮನೆ ಕತ್ಲು."

ವಾರ ನೋಡಿಕೊಂಡು ಕೆಡುವ ಕರೆಂಟನ್ನು ನಾನು ಕಂಡಿರಲಿಲ್ಲ. ಮಳೆಗೆ ಕೆಡುತ್ತದೆ, ಇಲಿಗೆ ಕೆಡುತ್ತದೆ, ಅಗ್ಗದ ವೈರಿಗೆ ಕೆಡುತ್ತದೆ. ಪಂಚಾಂಗಕ್ಕೆ ಕೆಡುವುದುಂಟೆ? ಆಮೇಲೆ ಅವನು ನಿಜವಾದ ಸಂಕಟ ಹೇಳಿಕೊಂಡ. ಮಗಳು ಹೆರಿಗೆಗೆಂದು ತವರಿಗೆ ಬಂದವಳು ಡೆಂಕಣಿಕೋಟೆ ಆಸ್ಪತ್ರೆಯಲ್ಲಿ ಹೆತ್ತಿದ್ದಾಳೆ. ಶನಿವಾರ ಬೆಳಿಗ್ಗೆ ಮನೆಗೆ ಕಳಿಸುತ್ತಾರೆ. ಆನೆ ತಿರುಗಾಡುವ ಊರು, ಅಂಗಳದಲ್ಲಿ ಒಂದು ಬಲ್ಬೂ ಇಲ್ಲ. "ಬಾಣಂತಿ ಕೂಸು ಕತ್ಲೆ ಮನೆಗೆ ಬರೋ ಹಂಗಾಗ್ಬಾರ್ದು ಅಣ್ಣಾ. ಇನ್ನೂ ಇಬ್ರು ಬಂದಿದ್ರು. ನೋಡ್ಬುಟ್ಟು ಹೋಗ್ಬುಟ್ರು."

ಯಾಕೆ ಹೋದರು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಜಂಬ ಅಷ್ಟಿತ್ತು. ಶುಕ್ರವಾರ ಬೆಳಿಗ್ಗೆ ಬೈಕಿಗೆ ಸಾಮಾನು ಕಟ್ಟಿಕೊಂಡು ಹೊರಟೆ.

ಮೀಟರು ಹೊರಗೆ ಜಗಲಿಯ ಮೇಲಿತ್ತು. ಅಲ್ಲಿಂದ ಬಂದ ವೈರು ಪಡಸಾಲೆಯ ಗೋಡೆಗೆ ಹೊಡೆದಿದ್ದ ಒಂದು ಹಳೆಯ ತೇಗದ ಡಬ್ಬದೊಳಗೆ ಹೋಗುತ್ತಿತ್ತು. ಅದೇ ಮೈನ್ ಬಾಕ್ಸು. ಒಳಗೆ ಫ್ಯೂಸು, ಫ್ಯೂಸು ದಾಟಿದ ವೈರುಗಳು ಮೇಲಿನಿಂದ ಹೊರಟು ಕೋಣೆ ಕೋಣೆಗೆ ಹೋಗುತ್ತವೆ. ಆ ಡಬ್ಬದ ಮುಚ್ಚಳಕ್ಕೆ ಮೂರು ಬೆರಳಿನ ಅರಿಶಿನದ ಪಟ್ಟೆ, ನಡುವೆ ಕುಂಕುಮ, ನೆತ್ತಿಯ ಮೇಲೆ ಒಂದು ಸೇವಂತಿಗೆ. ಬೀಗದ ತೂತಿನಿಂದ ಕಿರುಬೆರಳು ಗಾತ್ರದ ಕಪ್ಪು ಮೇಣದ ಕೊಳವೆಯೊಂದು ಹೊರಚಾಚಿತ್ತು. ಕೊಳವೆಯ ಬಾಯಲ್ಲಿ ನೊಣಕ್ಕಿಂತ ಚಿಕ್ಕ ಕಪ್ಪು ಹುಳಗಳು ಸುತ್ತಲೂ ಕೂತು, ಮುಖ ಹೊರಗೆ ಹಾಕಿ, ನನ್ನನ್ನೇ ನೋಡುತ್ತಿದ್ದವು.

ನಸರಿ ಜೇನು. ತಮಿಳಿನವರು ಕೊಸು ತೇನೀ ಎನ್ನುತ್ತಾರೆ. ಕೊಂಡಿ ಇಲ್ಲದ ಜೇನು.

ಡಬ್ಬದ ಕೆಳಗೆ ಚಾಪೆ ಹಾಕಿಕೊಂಡು ಯಜಮಾನನ ತಾಯಿ ಕೂತಿದ್ದರು. ಇಡೀ ಊರಿಗೇ ಅಜ್ಜಿ. ನಾನು ಏಣಿ ಒರಗಿಸುವುದಕ್ಕೂ ಅವರು ಎದ್ದು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂರುವುದಕ್ಕೂ ಸರಿಹೋಯಿತು.

"ಕರೆಂಟ್ ಸರಿ ಮಾಡು. ಹುಳ ಮುಟ್ಬ್ಯಾಡ."

"ಅಜ್ಜಿ, ಎರಡೂ ಒಂದೇ ಡಬ್ಬದಲ್ಲಿ ಇದಾವೆ."

"ಅದ್ಕೇ ಕಣಪ್ಪ ನಿನ್ನ ಕರ್ಸಿರೋದು."

ಆ ಇಬ್ಬರು ಯಾಕೆ ಹೋದರೆಂದು ಈಗ ತಿಳಿಯಿತು. ಒಬ್ಬ, ಬೇರಿಕೆ ಊರಿನವನು, ಸೀಮೆಎಣ್ಣೆ ಎರಚಿ ಓಡಿಸೋಣ ಎಂದನಂತೆ. ಅಜ್ಜಿ ಅವನನ್ನೇ ಓಡಿಸಿದ್ದರು.

ಆ ಡಬ್ಬ ಊರಿನ ಔಷಧಿ ಅಂಗಡಿ ಎಂದು ಅರ್ಥವಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಜ್ಜಿ ಏಣಿಯ ಮೇಲೆ ಕೂತೇ ವಿವರಿಸಿದರು. ಕೆಮ್ಮಿಗೆ ಮೆಣಸಿನ ಪುಡಿಯ ಜೊತೆ ಈ ಜೇನುತುಪ್ಪ. ಬಾಯಿಹುಣ್ಣಿಗೆ ಬರೀ ತುಪ್ಪ. ಸುಟ್ಟ ಗಾಯಕ್ಕೆ ತುಪ್ಪ, ಒಡೆದ ಹಿಮ್ಮಡಿಗೆ ಮೇಣ. ಎಲ್ಲಕ್ಕಿಂತ ಮುಖ್ಯ, ಆ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ನಾಲಿಗೆಗೂ ಉಂಗುರದ ತುದಿಯಲ್ಲಿ ಅದ್ದಿ ಮುಟ್ಟಿಸಿರುವುದು ಈ ಗೂಡಿನ ತುಪ್ಪವನ್ನೇ. ಯಜಮಾನನಿಗೆ ಮುಟ್ಟಿಸಿದ್ದರು, ಈಗ ಹೆತ್ತಿರುವ ಅವನ ಮಗಳಿಗೂ ಮುಟ್ಟಿಸಿದ್ದರು. ನಾಳೆ ಬರುವ ಮರಿಮೊಮ್ಮಗನಿಗೆ ಮುಟ್ಟಿಸದೆ ಬಿಟ್ಟರೆ ತಮ್ಮ ಜೀವ ಹೋಗುವಾಗ ನೆಮ್ಮದಿಯಾಗಿ ಹೋಗುವುದಿಲ್ಲ ಎಂದರು. ಔಷಧಕ್ಕೆಂದು ಯಾರು ಬಂದು ಕೇಳಿದರೂ ಇಲ್ಲವೆನ್ನಬಾರದು, ಗೂಡಿನ ಮುಚ್ಚಳ ತೆಗೆಯಬಾರದು. ಇವೆರಡು ಆ ಮನೆಯ ಕಟ್ಟಳೆ.

"ಮುಚ್ಚಳ ತೆಗೀದೆ ತುಪ್ಪ ಹೆಂಗೆ ತೆಗೀತೀರಿ?"

ಅಜ್ಜಿ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತೋರಿಸಿದರು. ಮುಚ್ಚಳದ ಸಂದಿಯಿಂದ ಅದನ್ನು ತೂರಿಸಿ, ತುಪ್ಪ ತುಂಬಿದ ಒಂದು ಮೇಣದ ಬುರುಡೆ ಚುಚ್ಚಿ, ಕಡ್ಡಿಯಗುಂಟ ಇಳಿಯುವ ಹನಿಗೆ ಲೋಟ ಹಿಡಿಯುತ್ತಾರಂತೆ.

"ಕರೆಂಟ್ ಹರಿಯೋ ಡಬ್ಬಕ್ಕಾ?" ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಒಣಗಿದ ಕಡ್ಡಿ ಕಣ್ಲಾ. ಅಷ್ಟೂ ಗೊತ್ತಿಲ್ವಾ ನಂಗೆ?"

ಹುಳಗಳನ್ನು ಕೊಲ್ಲದೆ ಬೇರೆ ಕಡೆಗೆ ವರ್ಗ ಮಾಡುವುದೆಂದು ತೀರ್ಮಾನವಾಯಿತು. ಕೂಸಿಗೆ ಬೆಳಕು ಬೇಕಲ್ಲ ಎಂದು ಈ ಒಂದು ಸಲ ಮುಚ್ಚಳ ತೆಗೆಯಲು ಒಪ್ಪಿ ಅಜ್ಜಿ ಏಣಿಯಿಂದ ಎದ್ದರು. ಯಜಮಾನ ಫೋನಿನಲ್ಲಿ ವಿಡಿಯೋ ಹುಡುಕಿದ. ಕನ್ನಡ, ತಮಿಳು, ತೆಲುಗು ಮೂರೂ ಸಲೀಸಾಗಿ ಆಡುವ ಆ ಮನೆಗೆ ಸಿಕ್ಕ ಒಳ್ಳೆಯ ವಿಡಿಯೋ ಮಲಯಾಳದಲ್ಲಿತ್ತು. ವಿಡಿಯೋದವನು ಬಲು ಸಮಾಧಾನದಿಂದ, ನಗುನಗುತ್ತಾ, ನಮಗೆ ತಿಳಿಯದ ಎಲ್ಲವನ್ನೂ ವಿವರಿಸಿದ. ನೋಡಿ ತಿಳಿದುಕೊಂಡಿದ್ದು ಇಷ್ಟು: ಮೊಟ್ಟೆಯ ಗೊಂಚಲು ಜಜ್ಜದಂತೆ ಎತ್ತಿ ಮಡಕೆಗೆ ಇಡಬೇಕು, ರಾಣಿ ಜೊತೆಯಲ್ಲೇ ಬರಬೇಕು, ಹಳೆಯ ಕೊಳವೆಯನ್ನು ಕಿತ್ತು ಮಡಕೆಯ ಬಾಯಿಗೆ ಅಂಟಿಸಬೇಕು. ರಾಣಿ ತಪ್ಪಿದರೆ ಏನಾಗುತ್ತದೆ ಎಂದು ಅವನು ಗಂಭೀರವಾಗಿ ಹೇಳುತ್ತಿದ್ದಾಗ ನೆಟ್‌ವರ್ಕ್ ಹೋಯಿತು.

ಅಷ್ಟರಲ್ಲಿ ಡಬ್ಬ ತೆಗೆಯುತ್ತಾರಂತೆ ಎಂಬ ಸುದ್ದಿ ಊರು ಮುಟ್ಟಿತ್ತು. ಒಬ್ಬೊಬ್ಬರೇ ಲೋಟ, ಒಳಲೆ, ಮಾತ್ರೆಯ ಖಾಲಿ ಬಾಟಲಿ ಹಿಡಿದು ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತರು. ಎಲ್ಲರಿಗಿಂತ ಮುಂದೆ ಕೂತವರು ಇಬ್ಬರು: ಕಟ್ಟಿಹೋದ ಗಂಟಲು ಹಿಡಿದುಕೊಂಡು ಬಂದಿದ್ದ ಭಜನೆಯವರು, ಮತ್ತು ಪೊರೆ ಬಂದ ಕಣ್ಣಿಗೆ ಹನಿ ಬಿಡಿಸಿಕೊಳ್ಳಲು ಬಂದ ಒಬ್ಬ ತಾತ. ಭಜನೆಯವರಿಗೆ ಮಾತು ಬರುತ್ತಿರಲಿಲ್ಲ, ತಾತನಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ನಾನು ಏನು ಮಾಡುತ್ತಿದ್ದೇನೆಂದು ತಾತ ಕೇಳುತ್ತಿದ್ದರು, ಭಜನೆಯವರು ಕೈಸನ್ನೆಯಲ್ಲಿ ಹೇಳುತ್ತಿದ್ದರು. ಇಬ್ಬರಿಗೂ ಬೇಸರವಾಯಿತು.

ಮೀಟರಿನ ಪಕ್ಕದ ಫ್ಯೂಸನ್ನು, ನಮ್ಮವರ ಮಾತಿನಲ್ಲಿ ಕಟೌಟನ್ನು, ಕಿತ್ತು ಜೇಬಿಗೆ ಹಾಕಿಕೊಂಡೆ. ಕರೆಂಟಿನ ಕೀಲಿ ನನ್ನ ಹತ್ತಿರ ಇರುವವರೆಗೆ ನನಗೆ ಭಯವಿಲ್ಲ. ಏಣಿ ಹತ್ತಿ ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದೆ. ಒಳಗಿನಿಂದ ಹುಳಗಳು ಮೇಣ, ಮರದಂಟು ಮೆತ್ತಿ ಅದನ್ನು ಬೆಸುಗೆ ಹಾಕಿದ ಹಾಗೆ ಮುಚ್ಚಿಬಿಟ್ಟಿದ್ದವು. ನಿಧಾನವಾಗಿ ಮೀಟಿದೆ. ಚಟ್ ಎಂದು ಒಂದು ಬೆರಳು ಸಂದಿ ಬಿಟ್ಟಿತು. ಹುಳಿ ಬೆರೆತ ಒಂದು ಘಮ ಬಂತು.

ಆಮೇಲೆ ಹುಳಗಳು ಬಂದವು. ನೂರೋ ಸಾವಿರವೋ, ಎಲ್ಲವೂ ನನ್ನ ತಲೆಗೇ. ಕೂದಲೊಳಗೆ, ಕಿವಿಯೊಳಗೆ, ಹುಬ್ಬಿಗೆ, ಮೂಗಿನ ಹೊಳ್ಳೆಗೆ. ಅಂಟು ಮೆತ್ತಿಕೊಂಡು ಬಂದು ಕೂದಲಿಗೆ ಸುತ್ತಿಕೊಂಡವು.

"ಇವು ಚುಚ್ಚಲ್ಲ ಅಂತಾರಲ್ಲ ಅಜ್ಜಿ!"

"ಚುಚ್ಚಲ್ಲಪ್ಪ. ಕಚ್ತವೆ."

ಏಣಿಯಿಂದ ಇಳಿದೆ ಎನ್ನುವುದಕ್ಕಿಂತ ಅಂಗಳಕ್ಕೆ ಹಾರಿದೆ ಎನ್ನುವುದು ಸರಿ. ಯಜಮಾನ ಟವೆಲ್ಲಿನಿಂದ ನನ್ನ ತಲೆಗೆ ಬಡಿಯುತ್ತಿದ್ದರೆ ಅಜ್ಜಿ, "ನಿಧಾನ ಕಣ್ಲಾ, ಹುಳ ಸತ್ತೋಯ್ತವೆ" ಎಂದು ಮಗನಿಗೆ ಗದರಿಸುತ್ತಿದ್ದರು. ನನ್ನ ತಲೆಯ ಬಗ್ಗೆ ಯಾರೂ ಚಿಂತಿಸಲಿಲ್ಲ.

ತಲೆಗೆ ಕಟ್ಟಲು ಬಲೆಯಂಥ ಬಟ್ಟೆ ಬೇಕಿತ್ತು. ಮನೆಯಲ್ಲಿ ಸಿಕ್ಕಿದ್ದು ಒಂದೇ: ನಾಳೆ ಬರುವ ಕೂಸಿಗೆಂದು ತಂದಿದ್ದ ಹೊಸ ಸೊಳ್ಳೆಪರದೆ. ಗುಲಾಬಿ ಬಣ್ಣ, ಅಂಚಿಗೆ ಕರಡಿಮರಿಗಳ ಚಿತ್ರ, ಮೇಲೆ ರೇಷ್ಮೆಯ ಗಂಟು. ಅದನ್ನು ತಲೆಯಿಂದ ಎದೆಯವರೆಗೆ ಇಳಿಬಿಟ್ಟು, ಗಂಟು ನೆತ್ತಿಯ ಮೇಲೆ ಬರುವಂತೆ ಸರಿ ಮಾಡಿಕೊಂಡು, ನಾನು ಮತ್ತೆ ಏಣಿ ಹತ್ತಿದೆ. ಭಜನೆಯವರು ಇದನ್ನು ತಾತನಿಗೆ ಸನ್ನೆಯಲ್ಲಿ ವಿವರಿಸಲು ಬಹಳ ಕಷ್ಟಪಟ್ಟರು.

ಈ ಸಲ ಮುಚ್ಚಳವನ್ನು ಪೂರ್ತಿ ತೆಗೆದೆ. ಒಳಗೆ ಕಂದು ಮೇಣದ ಬುರುಡೆಗಳು ದ್ರಾಕ್ಷಿ ಗೊಂಚಲಿನ ಹಾಗೆ ಒತ್ತೊತ್ತಾಗಿ ಇದ್ದವು. ಹಿಂದೆ ಮೊಟ್ಟೆಯ ಕಾಳುಗಳು. ಇವೆಲ್ಲದರ ನಡುವೆ ಹಾದುಹೋದ ನಮ್ಮ ವೈರುಗಳು. ನನ್ನ ಬೆರಳು ತಾಗಿ ಒಂದು ಬುರುಡೆ ಒಡೆಯಿತು. ಹೆಬ್ಬೆರಳ ಮೇಲೆ ತುಪ್ಪ ಹರಿಯಿತು.

"ಬೆರಳು ನೆಕ್ಬ್ಯಾಡ!" ಅಜ್ಜಿ ಕೂಗಿದರು.

ಪಡಸಾಲೆಯಲ್ಲಿದ್ದ ಅಷ್ಟೂ ಜನ ನನ್ನ ಹೆಬ್ಬೆರಳನ್ನೇ ನೋಡಿದರು. ನಾನು ಸೊಳ್ಳೆಪರದೆಯೊಳಗಿಂದ ಒಂದು ಕೈಯನ್ನು ಹೊರಗೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ, ಫೋಟೋಕ್ಕೆ ನಿಂತ ಅಭ್ಯರ್ಥಿಯಂತೆ ನಿಂತೆ. ಯಜಮಾನ ಕೆಳಗಿನಿಂದ ವೀಳ್ಯದೆಲೆ ಹಿಡಿದ. ಅಜ್ಜಿ ನಿಗಾ ವಹಿಸಿ ಅದಕ್ಕೆ ಹನಿ ಸವರಿಸಿಕೊಂಡು ಪುಟ್ಟ ಬಾಟಲಿಗೆ ಇಳಿಸಿದರು. ನನಗೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಬಟ್ಟೆಯನ್ನೂ ವಾಪಸ್ ಇಸಿದುಕೊಂಡರು.

ಅದೇ ಹೊತ್ತಿಗೆ ಊರಿನ ನರ್ಸಮ್ಮ ಸ್ಕೂಟರಿನಲ್ಲಿ ಬಂದರು. ತಮಿಳಿನವರು, ಅಜ್ಜಿಯನ್ನು ಪಾಟಿ ಎಂದೇ ಕರೆಯುವವರು. ನಾಳೆ ಕೂಸು ಬರುವ ಮನೆ ಹೇಗಿದೆ ಎಂದು ನೋಡಲು ಬಂದವರಿಗೆ ಮೊದಲು ಕಂಡಿದ್ದು ಕೂಸಿನ ಪರದೆ ಹೊದ್ದು ಏಣಿಯ ಮೇಲಿದ್ದ ನಾನು. ಆಮೇಲೆ ಅಜ್ಜಿಯ ಕೈಯ ಬಾಟಲಿ ಕಂಡಿತು.

"ಪಾಟಿ, ಅದು ಯಾರಿಗೆ?"

"ಮಗೀಗೆ. ಇನ್ಯಾರ್ಗೆ?"

"ಅಯ್ಯೋ ಪಾಟಿ, ವೇಂಡಾಂ, ಬೇಡ! ವರ್ಷ ತುಂಬೋ ತನಕ ಕೂಸಿಗೆ ಜೇನು ಕೊಡಲೇಬಾರ್ದು. ಹಸುಗೂಸಿನ ಹೊಟ್ಟೆ ತಡೆಯಲ್ಲ, ಜೀವಕ್ಕೇ ಬರಬಹುದು." ತಿರುಗಿ ತಾತನಿಗೂ ಹೇಳಿದರು, "ನೀವೂ ಅಷ್ಟೇ. ಕಣ್ಣಿಗೆ ಬಿಟ್ಕೋಬೇಡಿ. ನಡೀರಿ, ಪೊರೆ ಆಪರೇಷನ್‌ಗೆ ನಾನೇ ಕರ್ಕೊಂಡು ಹೋಗ್ತೀನಿ."

ತಾತ ಒಳಲೆಯನ್ನು ಮೆಲ್ಲಗೆ ಜೇಬಿಗಿಳಿಸಿದರು. ಅಜ್ಜಿ ಮಾತ್ರ ಬಗ್ಗಲಿಲ್ಲ. "ನನ್ ಮಗಂಗೆ ಮುಟ್ಟಿಸ್ದೆ. ಮೊಮ್ಮಗಳಿಗೆ ಮುಟ್ಟಿಸ್ದೆ. ಏನಾಯ್ತು? ಗುಂಡ್ಕಲ್ ಹಂಗವ್ರೆ."

"ಏನೂ ಆಗ್ದೇ ಇದ್ದಿದ್ದು ನಿಮ್ಮ ಪುಣ್ಯ ಪಾಟಿ. ಈ ಸಲ ಪುಣ್ಯ ನಂಬ್ಕೊಂಡು ಕೂರೋದು ಬೇಡ."

ಅಜ್ಜಿ ಬಾಟಲಿಯನ್ನು ಸೆರಗಿನೊಳಗೆ ಹಿಡಿದುಕೊಂಡರು. "ವರ್ಷ ತುಂಬೋ ತನ್ಕ ನಾನಿರ್ತೀನೋ ಇಲ್ವೋ" ಎಂದರು. ಏಣಿಯ ಮೇಲಿದ್ದ ನನಗೂ ಆ ಮಾತು ಕೇಳಿಸಿತು. ಜೇನು ಉಳಿಯಬೇಕು, ಅಜ್ಜಿಯೂ ಉಳಿಯಬೇಕು, ಆಗ ಮಾತ್ರ ಆ ಕೂಸಿನ ನಾಲಿಗೆಗೆ ಆ ಹನಿ. ಜೇನಿನ ಭಾಗ ಈಗ ನನ್ನ ಕೈಯಲ್ಲಿತ್ತು. ವಿಡಿಯೋದ ಅರ್ಧ ಮಾತ್ರ ನೋಡಿದ್ದ ಕೈ.

ಮೊಟ್ಟೆಯ ಗೊಂಚಲಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ವೈರುಗಳನ್ನು ನೋಡಿದೆ. ನಡುವೆ ಒಂದು ಜಾಯಿಂಟ್ ಇತ್ತು. ಹಿಂದೆ ಯಾರೋ ಎರಡು ವೈರು ತಿರುಚಿ, ಟೇಪ್ ಸುತ್ತದೆ, ಹಾಗೇ ಬಿಟ್ಟು ಹೋಗಿದ್ದರು. ಕೆಟ್ಟಿರುವುದು ಇಲ್ಲೇ ಎಂದುಕೊಂಡೆ. ಅಲ್ಲ. ಆ ಬತ್ತಲೆ ತಾಮ್ರಕ್ಕೆ ಹುಳಗಳೇ ಸುತ್ತಲೂ ದಪ್ಪಗೆ ಮೇಣ ಮೆತ್ತಿ ಮುಚ್ಚಿದ್ದವು. ನಾನು ಟೇಪ್ ಸುತ್ತಿದ್ದರೂ ಅಷ್ಟು ನೀಟಾಗಿ ಬರುತ್ತಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹಾಗಾದರೆ ಕೆಟ್ಟಿದ್ದೆಲ್ಲಿ? ಟಾರ್ಚನ್ನು ಬದಿಗೆ ತಿರುಗಿಸಿದೆ. ಡಬ್ಬದ ನೆತ್ತಿಯ ಬಿರುಕಿನಿಂದ ಒಂದು ಹಳದಿ ಗೆರೆ ಒಳಗೋಡೆಯ ಮೇಲೆ ಇಳಿದು, ಸೀದಾ ಫ್ಯೂಸಿನ ಪಿಂಗಾಣಿಯ ಮೇಲೆ ಮುಗಿದಿತ್ತು. ಪಿಂಗಾಣಿ ಅಲ್ಲಿ ಸುಟ್ಟು ಕರಕಲಾಗಿತ್ತು.

ಅರಿಶಿನ.

"ಅಜ್ಜಿ, ಈ ಡಬ್ಬಕ್ಕೆ ಪೂಜೆ ಯಾವಾಗ ಮಾಡ್ತೀರಿ?"

"ಶುಕ್ರವಾರ ಶುಕ್ರವಾರ. ತಲೆ ಮ್ಯಾಲೆ ಅರಿಶಿನದ ನೀರು ಹಾಕಿ, ತೊಳ್ದು, ಕುಂಕುಮ ಇಕ್ತೀನಿ. ಜೇನಮ್ಮ ಮನೇಲಿರೋದು ಅಂದ್ರೆ ಸುಮ್ನೇನಾ? ನೀನು ಬತ್ತೀಯ ಅಂತ ಇವತ್ತು ನೀರು ತಡೆದಿವ್ನಿ." ಪಕ್ಕದಲ್ಲಿ ತಂಬಿಗೆ ತುಂಬ ಹಳದಿ ನೀರು ಸಿದ್ಧವಾಗಿತ್ತು.

ನಾನು ಏಣಿಯ ಮೇಲೇ ಕೂತುಬಿಟ್ಟೆ. ನಗು ತಡೆಯಲಾಗಲಿಲ್ಲ. ಪರದೆಯೊಳಗೆ ನಗುವವನನ್ನು ನೋಡಿ ನರ್ಸಮ್ಮನೂ ನಕ್ಕರು. ಕರೆಂಟನ್ನು ಕೆಡಿಸಿದ್ದು ಹುಳವಲ್ಲ. ಹುಳ ನಮ್ಮವರ ಕೆಲಸದ ತಪ್ಪನ್ನು ಮುಚ್ಚಿಕೊಂಡು, ಬೆಂಕಿ ಬೀಳದಂತೆ ಕಾದುಕೊಂಡು ಕೂತಿತ್ತು. ಹೊರಗಿನಿಂದ ದೊಡ್ಡವರು ಭಕ್ತಿಯಿಂದ ನೀರು ಹೊಯ್ಯುತ್ತಿದ್ದರು.

ಅಲ್ಲೇ ನಾನು ಮನಸ್ಸು ಬದಲಿಸಿದೆ. ಸರಿಯಾಗಿ ಬದುಕುತ್ತಿರುವವರನ್ನು ಯಾಕೆ ಎಬ್ಬಿಸಬೇಕು?

"ಅಣ್ಣಾ, ಮಡಕೆ ಒಳಗಿಡು" ಎಂದೆ ಯಜಮಾನನಿಗೆ. "ಜೇನು ಬೇಡ, ಕರೆಂಟನ್ನ ಖಾಲಿ ಮಾಡಿಸೋಣ."

ಅಜ್ಜಿಗೆ ಇದರಲ್ಲೂ ಒಂದು ಸಂಶಯ. "ಕರೆಂಟ್ ಕಾವಿಗೇ ಅವು ಅಲ್ಲಿ ಸೇರ್ಕಂಡಿರೋದು. ತೆಗೆದ್ರೆ ಚಳಿಗೆ ಎದ್ದೋಗಲ್ವಾ? ಈ ಊರ ಚಳಿ ನಿಂಗೊತ್ತಿಲ್ಲ."

ಎದ್ದು ಹೋಗುವುದಿಲ್ಲ ಎಂದು ಧೈರ್ಯವಾಗಿ ಹೇಳಿದೆ. ನನಗೆ ಗೊತ್ತಿರಲಿಲ್ಲ.

ಕೆಲಸ ಬರೆದಷ್ಟು ಸುಲಭವಿರಲಿಲ್ಲ. ಬಾಗಿಲಿನ ಆಚೆ ಬದಿಯ ಗೋಡೆಗೆ ಹೊಸ ಡಬ್ಬ ಕೂರಿಸಬೇಕು. ಕರೆಂಟಿಲ್ಲ, ಡ್ರಿಲ್ ಓಡುವುದಿಲ್ಲ. ಕಲ್ಲುಗೋಡೆಗೆ ಉಳಿ ಸುತ್ತಿಗೆಯಲ್ಲೇ ತೂತು ಹೊಡೆದೆ. ಪ್ರತಿ ಏಟಿಗೂ ಅಜ್ಜಿ ಮಣೆಯ ಮೇಲೆ ನಿಂತು ಹಳೆಯ ಡಬ್ಬದ ಮೇಲೆ ಅಂಗೈ ಇಟ್ಟು, "ಏನಿಲ್ಲ ಏನಿಲ್ಲ" ಎಂದು ಸಮಾಧಾನ ಮಾಡುತ್ತಿದ್ದರು. ಮೀಟರಿನಿಂದ ಹೊಸ ಕೇಬಲ್ ಎಳೆದು, ಎಂಸಿಬಿ ಹಾಕಿ, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನೂ ಹಾಕಿದೆ. ಕೋಣೆಗಳಿಗೆ ಹೋಗುವ ವೈರುಗಳನ್ನು ಹಳೆಯ ಡಬ್ಬದ ಮೇಲ್ಗಡೆಯೇ ಕತ್ತರಿಸಿ ಹೊಸದಕ್ಕೆ ತಂದೆ. ಗೂಡಿನೊಳಗಿನ ತುಂಡುಗಳನ್ನು ಎಳೆಯಲಿಲ್ಲ. ಎರಡೂ ಕಡೆ ಕತ್ತರಿಸಿ ಅಲ್ಲೇ ಬಿಟ್ಟೆ, ಅವು ಇನ್ನು ಹುಳಗಳ ಸ್ವತ್ತು.

ಮುಚ್ಚಳ ಕೂರಿಸಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಒಡೆದ ಬುರುಡೆಯ ತುಪ್ಪದ ವಾಸನೆಗೆ ಕೆಂಪಿರುವೆ ಸಾಲು ಗೋಡೆ ಹತ್ತುತ್ತಿತ್ತು. ಇರುವೆ ಒಳಹೊಕ್ಕರೆ ಬೆಳಗಾಗುವುದರಲ್ಲಿ ಗೂಡು ಖಾಲಿ ಎಂದು ಅಜ್ಜಿ ಕಂಗಾಲಾದರು. ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದ ಮೇಲೆ ನಾನೇ ಹೇಳಿದೆ, "ಅಜ್ಜಿ, ಅರಿಶಿನ ತನ್ನಿ. ಒಣಗಿದ್ದು!" ಡಬ್ಬದ ಸುತ್ತ ಅರಿಶಿನ ಪುಡಿಯ ದಪ್ಪ ಗೆರೆ ಎಳೆದರು. ಇರುವೆ ಸಾಲು ಅಲ್ಲಿಗೆ ಬಂದು ತಿರುಗಿತು. ಅಜ್ಜಿ ನನ್ನ ಕಡೆ ನೋಡಿದ ನೋಟದಲ್ಲಿ, ನನ್ನ ಅರಿಶಿನಕ್ಕೆ ಅಂದೆಯಲ್ಲ, ನೋಡು ಎಂಬ ಬಿಂಕವಿತ್ತು.

ಹೊತ್ತು ಮುಳುಗುವ ಮೊದಲು ಕಟೌಟ್ ಹಾಕಿ ಸ್ವಿಚ್ ಎತ್ತಿದೆ. ಪಡಸಾಲೆಯಲ್ಲಿ, ಬಾಣಂತಿ ಕೋಣೆಯಲ್ಲಿ, ಅಂಗಳದಲ್ಲಿ ದೀಪ ಹತ್ತಿತು. ಯಜಮಾನ ನನ್ನ ಕೈ ಹಿಡಿದುಕೊಂಡ. ಭಜನೆಯವರು ಗಂಟಲಿಲ್ಲದೆ ಜೈಕಾರ ಹಾಕಿದರು. ಅಜ್ಜಿ ಮಾತ್ರ ದೀಪ ನೋಡಲಿಲ್ಲ. ಮೇಣದ ಕೊಳವೆಯ ಬಾಯಿಗೆ ಕಣ್ಣು ನೆಟ್ಟು ನಿಂತಿದ್ದರು. ಬಹಳ ಹೊತ್ತಾದ ಮೇಲೆ ಕಾಲಲ್ಲಿ ಪರಾಗ ಹೊತ್ತ ಒಂದು ಹುಳ ಹೊರಗಿನಿಂದ ಬಂದು, ಸುತ್ತು ಹಾಕಿ, ಒಳಗೆ ಹೋಯಿತು. ಹಿಂದೆಯೇ ಇನ್ನೊಂದು.

ಹೊರಡುವಾಗ ಅಜ್ಜಿಯಿಂದ ಮಾತು ತೆಗೆದುಕೊಂಡೆ: ಹಳೆಯ ಡಬ್ಬಕ್ಕಾಗಲಿ ಹೊಸ ಡಬ್ಬಕ್ಕಾಗಲಿ ನೀರು ಹೊಯ್ಯಬಾರದು. ನರ್ಸಮ್ಮ ಇನ್ನೊಂದು ಮಾತು ತೆಗೆದುಕೊಂಡರು: ವರ್ಷ ತುಂಬುವವರೆಗೆ ಕೂಸಿಗೆ ಜೇನು ಮುಟ್ಟಿಸಬಾರದು. ಅದಕ್ಕೆ ಅಜ್ಜಿ ಒಪ್ಪಿದ್ದು ಬಾಟಲಿಯ ತುಪ್ಪವನ್ನು ಭಜನೆಯವರ ಬಾಯಿಗೆ ಪೂರ್ತಿ ಸುರಿದುಬಿಟ್ಟಾಗಲೇ. "ಕೈಯಾಗಿದ್ರೆ ಆಸೆ ಆಯ್ತದೆ" ಎಂದರು.

ವರ್ಷ ಕಳೆದು ಯಜಮಾನ ಫೋನ್ ಮಾಡಿದ. ಹುಳ ಎದ್ದುಹೋದವೇ, ಅಜ್ಜಿಯೇ ಹೋದರೇ, ಇಲ್ಲ ಮತ್ತೆ ಫ್ಯೂಸೇ? ಕೂಸಿನ ಕಿವಿ ಚುಚ್ಚಿಸುತ್ತಿದ್ದಾರಂತೆ, ಬರಬೇಕಂತೆ. ಶುಕ್ರವಾರ.

ನಾನು ಹೋದಾಗ ಮನೆಯೆಲ್ಲ ಕತ್ತಲು. ಫ್ಯಾನಿಲ್ಲ, ದೀಪವಿಲ್ಲ, ನೆಂಟರೆಲ್ಲ ಬೆವರುತ್ತಾ ಕೂತಿದ್ದಾರೆ. ನನ್ನ ಮುಖ ಸಪ್ಪಗಾಯಿತು. ಏನಾಯಿತೆಂದು ಹೊಸ ಡಬ್ಬದ ಹತ್ತಿರ ಓಡಿದರೆ ಅಜ್ಜಿ ಮಣೆ ಹತ್ತಿ ನಿಂತು ಅದಕ್ಕೆ ಕುಂಕುಮ ಇಡುತ್ತಿದ್ದರು.

"ನೀರು ಹಾಕ್ತಿಲ್ಲ ಕಣಪ್ಪ. ಕುಂಕುಮಕ್ಕೂ ಮುಂಚೆ ಆಫ್ ಮಾಡ್ತೀನಿ. ನಿಂಗೆ ಮಾತು ಕೊಟ್ಟಿಲ್ವಾ?"

"ಅವ್ವ ಪೂಜೆ ಮುಗ್ಸೋ ತನ್ಕ ಶುಕ್ರವಾರ ನಮ್ಗೆ ಕರೆಂಟಿಲ್ಲ ಅಣ್ಣಾ" ಎಂದು ಯಜಮಾನ ನಿಟ್ಟುಸಿರು ಬಿಟ್ಟ. ಶುಕ್ರವಾರದ ಕರೆಂಟಿನ ಕಾಯಿಲೆಯನ್ನು ನಾನು ವಾಸಿ ಮಾಡಿರಲಿಲ್ಲ. ಕ್ರಮಬದ್ಧಗೊಳಿಸಿದ್ದೆ, ಅಷ್ಟೇ.

ಹಳೆಯ ಡಬ್ಬದ ಕೊಳವೆ ಇನ್ನೂ ಒಂದು ಬೆರಳು ಉದ್ದವಾಗಿತ್ತು. ಬಾಯಲ್ಲಿ ಕಾವಲಿನವು ಹಾಗೇ ಕೂತಿದ್ದವು. ಅಜ್ಜಿ ಪೊರಕೆಕಡ್ಡಿಯಲ್ಲಿ ಹನಿ ಇಳಿಸಿ, ನರ್ಸಮ್ಮನ ಮುಖ ನೋಡಿದರು. ನರ್ಸಮ್ಮ ತಲೆಯಾಡಿಸಿದರು. ಸೋದರಮಾವನ ತೊಡೆಯ ಮೇಲಿದ್ದ ಕೂಸಿನ ನಾಲಿಗೆಗೆ ಉಂಗುರದ ತುದಿ ತಾಗಿತು. ಕೂಸು ಮುಖ ಕಿವುಚಿ, ಮೈಯೆಲ್ಲ ನಡುಗಿಸಿ, ಥೂ ಎಂದು ಉಗಿಯಿತು.

ಅಜ್ಜಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇವ್ರಮ್ಮನೂ ಹಿಂಗೇ ಉಗುದಿದ್ಲು. ಇವ್ರ ತಾತನೂ ಹಿಂಗೇ. ನಮ್ಮ ಮನೇದೇ ಕಣ್ರೋ ಇದು."

ಲೋಟದ ತಳದಲ್ಲಿ ಇನ್ನೊಂದು ಹನಿ ಉಳಿದಿತ್ತು. ಸಾಲಿನಲ್ಲಿ ಬಾಟಲಿ ಹಿಡಿದವರು ಬಹಳ ಜನರಿದ್ದರು. ಅಜ್ಜಿ ಅವರನ್ನೆಲ್ಲ ದಾಟಿ ನನ್ನ ಹತ್ತಿರ ಬಂದು, ನನ್ನ ಬಲಗೈ ಎಳೆದುಕೊಂಡು, ಹೆಬ್ಬೆರಳ ಮೇಲೆ ಆ ಹನಿ ಬಿಟ್ಟರು.

"ಆವತ್ತು ಬಿಡ್ನಿಲ್ಲ. ಇವತ್ತು ನೆಕ್ಕು."

ನೆಕ್ಕಿದೆ. ಸಿಹಿಗಿಂತ ಹುಳಿಯೇ ಜಾಸ್ತಿ. ನಾನು ಮುಖ ಕಿವುಚದೆ ನುಂಗಿದೆ, ಅಜ್ಜಿ ನೋಡುತ್ತಿದ್ದರು.